ಕೊನೇ ಪುಟದಲ್ಲಿರುವ ತ್ರಿಂಕೋಮಲಿ

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜೆ.ಆರ್. ಜಯವರ್ಧನೆ ಸಹಿ ಹಾಕಿದ ಒಪ್ಪಂದವನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಮೊದಲ ಪುಟಗಳಲ್ಲಿ ತಮಿಳರಿಗೆ ಪ್ರಾಂತೀಯ ಮಂಡಳಿ, ಉತ್ತರ ಮತ್ತು ಪೂರ್ವದ ತಾತ್ಕಾಲಿಕ ವಿಲೀನ, ಕದನವಿರಾಮ ಎಲ್ಲ ಇವೆ. ಅದೇ ದಿನ ಇಬ್ಬರು ನಾಯಕರು ಅದಲುಬದಲು ಮಾಡಿಕೊಂಡ ಪತ್ರಗಳು ಕೊನೆಯಲ್ಲಿವೆ. ಭಾರತದ ವಿದೇಶಾಂಗ ನೀತಿಯ ಅಸಲು ಲೆಕ್ಕ ಇರುವುದು ಅಲ್ಲಿ.

ಆ ಪತ್ರದಲ್ಲಿ ಭಾರತ ಕೇಳಿದ್ದು ನಾಲ್ಕು ಸಂಗತಿ. ಶ್ರೀಲಂಕಾದಲ್ಲಿರುವ ವಿದೇಶಿ ಸೈನಿಕ ಮತ್ತು ಗುಪ್ತಚರ ಸಿಬ್ಬಂದಿಯ ಬಗ್ಗೆ ಬೇಗ ಒಂದು ತಿಳಿವಳಿಕೆಗೆ ಬರುವುದು. ಪೂರ್ವ ತೀರದ ತ್ರಿಂಕೋಮಲಿ ಬಂದರನ್ನಾಗಲಿ ಬೇರೆ ಯಾವುದೇ ಬಂದರನ್ನಾಗಲಿ ಭಾರತದ ಹಿತಕ್ಕೆ ಧಕ್ಕೆಯಾಗುವಂತೆ ಯಾವ ದೇಶಕ್ಕೂ ಸೈನಿಕ ಬಳಕೆಗೆ ಕೊಡದಿರುವುದು. ತ್ರಿಂಕೋಮಲಿಯ ತೈಲ ಟ್ಯಾಂಕುಗಳನ್ನು ಎರಡೂ ದೇಶ ಕೂಡಿ ದುರಸ್ತಿ ಮಾಡಿ ನಡೆಸುವುದು. ವಿದೇಶಿ ರೇಡಿಯೊ ಸಂಸ್ಥೆಗಳ ಜೊತೆಗಿನ ಕರಾರನ್ನು ಮರುಪರಿಶೀಲಿಸುವುದು. ಅಂದರೆ ವಾಯ್ಸ್ ಆಫ್ ಅಮೆರಿಕದ ಪ್ರಸಾರ ಕೇಂದ್ರ ಗೂಢಚಾರಿಕೆಗೆ ಬಳಕೆಯಾಗದಂತೆ ನೋಡಿಕೊಳ್ಳುವುದು. ಇದಿಷ್ಟರಲ್ಲಿ ತಮಿಳರ ಮಾತು ಎಲ್ಲೂ ಇಲ್ಲ. ಬದಲಿಗೆ ಭಾರತ ಕೊಟ್ಟ ಮಾತೇನು? ಪ್ರತ್ಯೇಕತೆ ಬೋಧಿಸುವ ಶ್ರೀಲಂಕಾ ಪ್ರಜೆಗಳನ್ನು ತನ್ನ ನೆಲದಿಂದ ಗಡೀಪಾರು ಮಾಡುತ್ತೇನೆ, ಶ್ರೀಲಂಕಾ ಸೇನೆಗೆ ತರಬೇತಿ ಮತ್ತು ಸಾಮಗ್ರಿ ಕೊಡುತ್ತೇನೆ ಎಂದು. ಅದೇ ಭಾರತ ಹಿಂದಿನ ನಾಲ್ಕು ವರ್ಷ ಆ ಸೇನೆಯ ವಿರುದ್ಧ ಹೋರಾಡುವವರಿಗೆ ತರಬೇತಿ ಕೊಟ್ಟಿತ್ತು.

ಇಲ್ಲಿ ಒಂದು ಗೊಂದಲ ನಿವಾರಿಸಿಕೊಳ್ಳಬೇಕು. ಶ್ರೀಲಂಕಾದ ತಮಿಳರೆಲ್ಲ ಒಂದೇ ಗುಂಪಲ್ಲ. ಜಾಫ್ನಾ, ವನ್ನಿ, ಬಟ್ಟಿಕಲೋವಾದ ತಮಿಳರು ಶತಮಾನಗಳಿಂದ ಅಲ್ಲಿಯವರೇ. ಬ್ರಿಟಿಷರು ಚಹಾ ತೋಟಕ್ಕೆಂದು ಕರೆದೊಯ್ದ ಮಲೆನಾಡ ತಮಿಳರು ಬೇರೆ. ಸ್ವಾತಂತ್ರ್ಯ ಬಂದ 1948ರಲ್ಲೇ ಹೊಸ ಪೌರತ್ವ ಕಾಯ್ದೆ ಈ ತೋಟದವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ 9,75,000 ಜನರನ್ನು ಲೆಕ್ಕ ಹಾಕಿ ಹಂಚಿಕೊಂಡರು: 5,25,000 ಭಾರತಕ್ಕೆ, 3,00,000 ಅಲ್ಲಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಕಾಲದಲ್ಲಿ ಸಮಪಾಲು ಮಾಡಲಾಯಿತು. ಆ ಜನರನ್ನು ಯಾರೂ ಕೇಳಲಿಲ್ಲ. ಸುಳ್ಯ, ಪುತ್ತೂರು ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳು ಬಂದದ್ದು ಈ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ದಾರಿಯಲ್ಲೇ. ಅವರನ್ನು ಯುದ್ಧಕ್ಕೆ ಹೆದರಿ ದೋಣಿ ಹತ್ತಿ ಬಂದ ನಿರಾಶ್ರಿತರು ಎಂದುಕೊಳ್ಳುವುದು ತಪ್ಪು. ಅವರು ಯುದ್ಧಕ್ಕೆ ಮೊದಲೇ ಸರ್ಕಾರಿ ಕಾಗದ ಹಿಡಿದು ಬಂದವರು.

ಯುದ್ಧ ಶುರುವಾದದ್ದು 1983ರ ಜುಲೈನಲ್ಲಿ. ಜಾಫ್ನಾದ ತಿರುನೆಲ್ವೇಲಿಯಲ್ಲಿ ಎಲ್‌ಟಿಟಿಇ 13 ಸೈನಿಕರನ್ನು ಕೊಂದಿತು, ಕೊಲಂಬೊ ಹೊತ್ತಿ ಉರಿಯಿತು. ಆಗಸ್ಟ್‌ನಲ್ಲಿ ಬಂದ ಶ್ರೀಲಂಕಾ ಸಂವಿಧಾನದ ಆರನೇ ತಿದ್ದುಪಡಿ ಪ್ರತ್ಯೇಕ ದೇಶದ ಬೇಡಿಕೆಯನ್ನೇ ಅಪರಾಧ ಮಾಡಿತು. ಆ ಬೇಡಿಕೆಯನ್ನು ಬೆಂಬಲಿಸುವುದಿಲ್ಲ ಎಂದು ಪ್ರಮಾಣ ಮಾಡಲೊಪ್ಪದ ತಮಿಳು ಸಂಸದರು ಸಂಸತ್ತಿನಿಂದ ಹೊರಬಿದ್ದರು. ನನ್ನ ಪ್ರಕಾರ ಅತಿ ದೊಡ್ಡ ಅನಾಹುತ ಇದೇ. ಮಾತಾಡುವವರು ಮನೆಗೆ ಹೋದ ಮೇಲೆ ಉಳಿದದ್ದು ಬಂದೂಕು ಹಿಡಿದವರು.

ದಿಲ್ಲಿಯ ಲೆಕ್ಕಾಚಾರ ಔಷಧದ ಡೋಸ್ ಇದ್ದ ಹಾಗೆ. ಜಯವರ್ಧನೆಯನ್ನು ಮಾತುಕತೆಗೆ ಕೂರಿಸುವಷ್ಟು ಬಲವನ್ನು ಉಗ್ರಗಾಮಿಗಳಿಗೆ ಕೊಡಬೇಕು, ಈಳಂ ಗೆಲ್ಲುವಷ್ಟು ಕೊಡಬಾರದು. ಪ್ರತ್ಯೇಕ ದ್ರಾವಿಡ ನಾಡಿನ ಕೂಗು ಅಡಗಲು ಭಾರತ ಸಂವಿಧಾನದ 1963ರ ಹದಿನಾರನೇ ತಿದ್ದುಪಡಿ ಬೇಕಾಗಿತ್ತು ಎಂಬುದನ್ನು ದಿಲ್ಲಿ ಮರೆತಿರಲಿಲ್ಲ. ಪಾಕ್ ಜಲಸಂಧಿಯ ಆಚೆ ತಮಿಳು ದೇಶವೊಂದು ಹುಟ್ಟುವುದು ಅದಕ್ಕೆ ಬೇಕಿರಲಿಲ್ಲ. ಹಾಗಾಗಿ ಭಾರತದ ಗುಪ್ತಚರ ಸಂಸ್ಥೆ ‘ರಾ’ ಒಂದೇ ಗುಂಪನ್ನು ನಂಬದೆ ಟೆಲೊ, ಇಪಿಆರ್‌ಎಲ್‌ಎಫ್, ಪ್ಲಾಟ್, ಇರೋಸ್, ಎಲ್‌ಟಿಟಿಇ ಎಲ್ಲಕ್ಕೂ ಹಂಚಿತು. ಒಬ್ಬರು ಅತಿಯಾದರೆ ಇನ್ನೊಬ್ಬರು ತಡೆಯುತ್ತಾರೆ ಎಂಬ ಎಣಿಕೆ. ಅದು ಎಲ್ಲಿ ಕೆಟ್ಟಿತೆಂದರೆ, ಡೋಸ್ ಅಳೆಯುವ ಕೈ ಒಂದೇ ಆಗಿರಲಿಲ್ಲ. ಮದ್ರಾಸಿನಲ್ಲಿ ಎಂ.ಜಿ.ಆರ್. ಎಲ್‌ಟಿಟಿಇಗೆ ಹಣ ಕೊಡುತ್ತಿದ್ದರು, ಕರುಣಾನಿಧಿಯವರ ಒಲವು ಟೆಲೊ ಕಡೆಗಿತ್ತು. 1986ರ ಏಪ್ರಿಲ್-ಮೇನಲ್ಲಿ ಎಲ್‌ಟಿಟಿಇ ನಾಯಕ ಪ್ರಭಾಕರನ್ ಟೆಲೊವನ್ನು ಜಾಫ್ನಾದ ಬೀದಿಗಳಲ್ಲೇ ಮುಗಿಸಿದ. ವರ್ಷದ ಕೊನೆಗೆ ಇಪಿಆರ್‌ಎಲ್‌ಎಫ್ ಸರದಿ. ಸಮತೋಲನಕ್ಕೆಂದು ಇಟ್ಟ ತೂಕದ ಕಲ್ಲುಗಳನ್ನೆಲ್ಲ ಒಬ್ಬನೇ ಎತ್ತಿ ಬಿಸಾಡಿದ್ದ.

ಅದೇ 1986ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಸಾರ್ಕ್ ಶೃಂಗಸಭೆ. ಜಯವರ್ಧನೆ ಊರಲ್ಲಿದ್ದಾಗಲೇ ಪ್ರಭಾಕರನನ್ನು ಮದ್ರಾಸಿನಿಂದ ವಿಮಾನದಲ್ಲಿ ಕರೆತಂದರು, ಎಂ.ಜಿ.ಆರ್. ಕೂಡ ಬಂದರು. ಪೂರ್ವ ಪ್ರಾಂತ್ಯವನ್ನು ಮೂರು ಭಾಗ ಮಾಡುವ ಸೂತ್ರ ಮುಂದಿಟ್ಟರು. ಆತ ಒಪ್ಪಲಿಲ್ಲ. ಏಳು ತಿಂಗಳ ನಂತರ, 1987ರ ಜೂನ್ 4ರಂದು, ಬೆಂಗಳೂರಿನಿಂದಲೇ ಐದು ಎಎನ್-32 ವಿಮಾನಗಳು ಮೇಲೆದ್ದವು. ಹಿಂದಿನ ದಿನ ರೆಡ್ ಕ್ರಾಸ್ ಸಾಮಗ್ರಿ ಹೊತ್ತು ಹೋಗಿದ್ದ 19 ಮೀನುಗಾರಿಕಾ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ವಾಪಸ್ ಅಟ್ಟಿತ್ತು. ಈ ಸಲ ಬೆಂಗಾವಲಿಗೆ ಮಿರಾಜ್ 2000 ಇದ್ದವು. ಜಾಫ್ನಾದ ಮೇಲೆ ಬಿದ್ದದ್ದು ಸುಮಾರು 25 ಟನ್ ಆಹಾರ, ಔಷಧ. ಮುತ್ತಿಗೆಗೆ ಸಿಕ್ಕಿದ ಊರಿಗೆ ಅಷ್ಟು ಏನೇನೂ ಅಲ್ಲ. ಆದರೆ ಅದು ಊಟದ ಲೆಕ್ಕವಾಗಿರಲಿಲ್ಲ. ನಿಮ್ಮ ಆಕಾಶ ನಮ್ಮದೂ ಹೌದು ಎಂದು ಕೊಲಂಬೊಗೆ ತೋರಿಸುವುದಿತ್ತು. ಜಯವರ್ಧನೆ ತೋರಿಸಿದ್ದನ್ನು ನೋಡಿದರು, ಎಂಟು ವಾರದಲ್ಲಿ ಸಹಿ ಬಿತ್ತು.

ಒಪ್ಪಂದದ ಗಡಿಯಾರ ನೋಡಿ: ಸಹಿಯಾದ 48 ಗಂಟೆಯಲ್ಲಿ ಕದನವಿರಾಮ, ಅದಾದ 72 ಗಂಟೆಯಲ್ಲಿ ಉಗ್ರಗಾಮಿಗಳು ಆಯುಧ ಒಪ್ಪಿಸಬೇಕು. ಆಯುಧ ಯಾರ ಕೈಲಿತ್ತೋ ಅವರ ಸಹಿ ಕಾಗದದ ಮೇಲೆ ಇರಲೇ ಇಲ್ಲ. ಪ್ರಭಾಕರನನ್ನು ದಿಲ್ಲಿಯ ಹೋಟೆಲಿನಲ್ಲಿಟ್ಟು ಒಪ್ಪಿಸುವ ಯತ್ನವಾಗಿತ್ತು. ಅವನ ಪರವಾಗಿ ಜಾಮೀನು ನಿಂತದ್ದು ಭಾರತ. ಸಾಲಗಾರ ಕೈಯೆತ್ತಿದರೆ ಜಾಮೀನುದಾರನ ಮನೆ ಹರಾಜು. ಸಹಿಯ ಮರುದಿನವೇ ಜಾಫ್ನಾದ ಪಲಾಲಿಯಲ್ಲಿ ಭಾರತೀಯ ಸೇನೆ ಇಳಿಯಿತು, ಭಾರತದ ವಿಮಾನಗಳು ಶ್ರೀಲಂಕಾ ಸೈನಿಕರನ್ನು ದಕ್ಷಿಣಕ್ಕೆ ಸಾಗಿಸಿದವು. ಅಲ್ಲಿ ಒಪ್ಪಂದದ ವಿರುದ್ಧ ಸಿಂಹಳ ಯುವಕರ ಜೆವಿಪಿ ಬಂಡೆದ್ದಿತ್ತು. ಜಯವರ್ಧನೆ ಒಂದೇ ಏಟಿಗೆ ಎರಡು ಹಕ್ಕಿ ಹೊಡೆದರು: ಉತ್ತರದ ತಲೆನೋವು ಭಾರತಕ್ಕೆ, ತನ್ನ ಸೇನೆ ದಕ್ಷಿಣಕ್ಕೆ.

ಅಕ್ಟೋಬರ್ 5ರಂದು, ಶ್ರೀಲಂಕಾ ನೌಕಾಪಡೆ ಹಿಡಿದಿದ್ದ ಎಲ್‌ಟಿಟಿಇಯವರನ್ನು ಕೊಲಂಬೊಗೆ ಒಯ್ಯಲು ಹೊರಟಾಗ ಅವರು ಸೈನೈಡ್ ನುಂಗಿದರು, 12 ಮಂದಿ ಸತ್ತರು. ವಾರದೊಳಗೆ ಭಾರತದ ಶಾಂತಿಪಾಲನಾ ಪಡೆ ಯುದ್ಧಕ್ಕಿಳಿಯಿತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೇಲೆ ಹೆಲಿಕಾಪ್ಟರಿನಿಂದ ದಾಳಿ. ಎಲ್‌ಟಿಟಿಇ ರೇಡಿಯೊ ಸಂದೇಶ ಕದ್ದು ಕೇಳಿ ಕಾದು ಕೂತಿತ್ತು. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿ ಇಳಿದ ಮೇಲೆ ಗುಂಡಿನ ಸುರಿಮಳೆಗೆ ಮುಂದಿನ ತಂಡಗಳು ಇಳಿಯಲಾಗಲಿಲ್ಲ. ಬೆಳಗಾಗುವ ಹೊತ್ತಿಗೆ ಮೂವತ್ತು ಜನ ಒಂಟಿ. 29 ಮಂದಿ ಸತ್ತರು, ಒಬ್ಬ ಸೆರೆಯಾದ. ಮುಂದೆ ನಾಲ್ಕು ಡಿವಿಷನ್‌ವರೆಗೆ ಬೆಳೆದ ಈ ಪಡೆಯ ಸುಮಾರು 1,200 ಯೋಧರು ಅಲ್ಲಿ ಪ್ರಾಣ ಬಿಟ್ಟರು. ಜಯವರ್ಧನೆಯ ನಂತರ ಬಂದ ಪ್ರೇಮದಾಸ ಅದೇ ಪಡೆಯ ವಿರುದ್ಧ ಹೋರಾಡಲು ಎಲ್‌ಟಿಟಿಇಗೆ ಆಯುಧ ಕೊಟ್ಟರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತಿತು.

1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ಎಲ್‌ಟಿಟಿಇಯಿಂದ ರಾಜೀವ್ ಹತ್ಯೆ, ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಹಂತಕ ಶಿವರಾಸನ್ ತಂಡದ ಅಂತ್ಯ. ಇವು ಎಲ್ಲರಿಗೂ ಗೊತ್ತು. ನೀತಿಯ ಮಟ್ಟಿಗೆ ಮುಖ್ಯವಾದದ್ದು ಎಲ್‌ಟಿಟಿಇ ಮೇಲೆ 1992ರ ಮೇ 14ರಂದು ಬಿದ್ದ ನಿಷೇಧ. ಅಲ್ಲಿಂದಾಚೆ ದಿಲ್ಲಿ ಸೈನ್ಯ ಕಳಿಸುವುದಿಲ್ಲ, ಮಾರಕ ಆಯುಧ ಕೊಡುವುದಿಲ್ಲ, ಮಧ್ಯಸ್ಥಿಕೆಗೆ ಮುಂದೆ ನಿಲ್ಲುವುದಿಲ್ಲ. 2000ದ ಏಪ್ರಿಲ್‌ನಲ್ಲಿ ಎಲಿಫೆಂಟ್ ಪಾಸ್ ಸೇನಾ ನೆಲೆ ಎಲ್‌ಟಿಟಿಇ ಕೈಗೆ ಬಿದ್ದು ಜಾಫ್ನಾದಲ್ಲಿ ಹತ್ತಾರು ಸಾವಿರ ಸೈನಿಕರು ಸಿಕ್ಕಿಕೊಂಡಾಗಲೂ ಸೈನಿಕ ಹಸ್ತಕ್ಷೇಪಕ್ಕೆ ಭಾರತ ಒಪ್ಪಲಿಲ್ಲ. 2002ರ ಕದನವಿರಾಮಕ್ಕೆ ಓಡಾಡಿದ್ದು ನಾರ್ವೆ.

ಮಾರಕ ಆಯುಧ ಇಲ್ಲ ಎಂಬ ಸಾಲು ಕೇಳಲು ಚೆನ್ನ, ಆದರೆ ಅದರ ಬೆಲೆ ಇದೆ. 2006ರಿಂದ ನಡೆದ ಕೊನೆಯ ಯುದ್ಧದಲ್ಲಿ ಭಾರತ ಗಸ್ತು ಹಡಗು, ರೇಡಾರ್, ಗುಪ್ತಮಾಹಿತಿ ಕೊಟ್ಟಿತು. ಎಲ್‌ಟಿಟಿಇಯ ಶಸ್ತ್ರಾಸ್ತ್ರ ಹಡಗುಗಳು ಮುಳುಗಿದ್ದರಲ್ಲಿ ಆ ಮಾಹಿತಿಯ ಪಾಲಿದೆ. ಫಿರಂಗಿ, ರಾಕೆಟ್, ಮದ್ದುಗುಂಡು ಬೇಕಾದಾಗ ಅಧ್ಯಕ್ಷ ರಾಜಪಕ್ಸ ಚೀನಾ, ಪಾಕಿಸ್ತಾನದ ಕಡೆ ತಿರುಗಿದರು. ಎರಡೂ ಕಡೆಯಿಂದ ಮೂವರು ಮೂವರು ಅಧಿಕಾರಸ್ಥರ ತಂಡ ಮಾಡಿಕೊಂಡು ದಿಲ್ಲಿ-ಕೊಲಂಬೊ ನೇರ ಮಾತಾಡುತ್ತಿದ್ದವು. ಅವರ ಮುಖ್ಯ ಚಿಂತೆಗಳಲ್ಲಿ ಚೆನ್ನೈ ಒಂದು. 2009ರ ಏಪ್ರಿಲ್ 27ರಂದು, ಲೋಕಸಭೆ ಚುನಾವಣೆ ನಡುವೆ, ಕರುಣಾನಿಧಿ ಮರೀನಾದಲ್ಲಿ ಉಪವಾಸ ಕೂತರು. ಭಾರಿ ಆಯುಧ ಬಳಸುವುದಿಲ್ಲ ಎಂದು ಅದೇ ದಿನ ಕೊಲಂಬೊ ಹೇಳಿತು, ಮಧ್ಯಾಹ್ನದೊಳಗೆ ಉಪವಾಸ ಮುಗಿಯಿತು. ಯುದ್ಧದ ಕೊನೆಯ ಕಣವಾದ ಮುಳ್ಳಿವಾಯ್ಕಾಲಿನಲ್ಲಿ ಜನ ಸಾಯುವುದು ಮುಗಿಯಲಿಲ್ಲ. ಕೊನೆಯ ಹಂತದಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ಹೇಳಿತು.

ಜಿನೀವಾದ ಮಾನವ ಹಕ್ಕು ಮಂಡಳಿಯಲ್ಲಿ ಭಾರತದ ಮತಗಳನ್ನು ಸಾಲಾಗಿ ಇಟ್ಟರೆ ಒಳರಾಜಕೀಯದ ಉಷ್ಣಮಾಪಕ ಸಿಗುತ್ತದೆ. 2009ರ ಮೇನಲ್ಲಿ ಶ್ರೀಲಂಕಾ ಪರ. 2012 ಮತ್ತು 2013ರಲ್ಲಿ ವಿರುದ್ಧ. 2013ರಲ್ಲಂತೂ ಮತದಾನಕ್ಕೆ ಎರಡು ದಿನ ಮೊದಲು 18 ಸಂಸದರ ಡಿಎಂಕೆ ಯುಪಿಎ ಬಿಟ್ಟಿತ್ತು. 2014, 2021, 2022ರಲ್ಲಿ ಗೈರುಮತ, ಅಡ್ಡಗೋಡೆಯ ಮೇಲೆ ದೀಪ. ಕೇಂದ್ರಕ್ಕೆ ತಮಿಳುನಾಡಿನ ಸೀಟು ಬೇಕಿದ್ದಾಗ ಒಂದು ಮತ, ಬೇಡದಾಗ ಇನ್ನೊಂದು ಎಂದು ಹೇಳುವುದು ಸ್ವಲ್ಪ ಒರಟಾದರೂ ಪೂರ್ತಿ ಸುಳ್ಳಲ್ಲ.

ದಿಲ್ಲಿಯ ಪ್ರತಿ ಹೇಳಿಕೆಯಲ್ಲೂ ಬರುವ, ಶ್ರೀಲಂಕಾ ಸಂವಿಧಾನದ ‘13ನೇ ತಿದ್ದುಪಡಿ’ 1987ರ ಒಪ್ಪಂದದ ಕೂಸು. ಕಾಗದದಲ್ಲಿ ಪ್ರಾಂತ್ಯಗಳಿಗೆ ಪೊಲೀಸ್ ಮತ್ತು ಭೂಮಿಯ ಅಧಿಕಾರವಿದೆ. ಆದರೆ ಕಾರ್ಯಾಂಗದ ಕೀಲಿ ಅಧ್ಯಕ್ಷರು ನೇಮಿಸುವ ಗವರ್ನರ್ ಕೈಲಿ. ಪೊಲೀಸ್ ಅಧಿಕಾರ ಇವತ್ತಿನವರೆಗೂ ಕೈಬದಲಾಗಿಲ್ಲ. ಉತ್ತರ-ಪೂರ್ವ ವಿಲೀನವನ್ನು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಉತ್ತರದ ಮಂಡಳಿಗೆ ಮೊದಲ ಚುನಾವಣೆ ನಡೆದದ್ದೇ 2013ರಲ್ಲಿ, ಅವಧಿ ಮುಗಿದದ್ದು 2018ರಲ್ಲಿ.

ಈಗ ಮತ್ತೆ ಕೊನೇ ಪುಟಕ್ಕೆ. ‘ಬೇರೆ ಯಾವುದೇ ಬಂದರು’ ಎಂದು 1987ರಲ್ಲಿ ಬರೆದವರು ಜಾಣರು. ಆದರೆ ತಡೆದದ್ದು ‘ಸೈನಿಕ ಬಳಕೆ’ಯನ್ನು ಮಾತ್ರ. 2017ರಲ್ಲಿ ಹಂಬನ್‌ತೋಟ ಬಂದರು ಚೀನೀ ಕಂಪನಿಗೆ 99 ವರ್ಷದ ಗುತ್ತಿಗೆಗೆ ಹೋಯಿತು. ಅದು ವ್ಯಾಪಾರ. 2022ರ ಆಗಸ್ಟ್‌ನಲ್ಲಿ ಅಲ್ಲಿ ಲಂಗರು ಹಾಕಿದ ಯುವಾನ್ ವಾಂಗ್ 5, ಚೀನಾ ಹೇಳುವ ಪ್ರಕಾರ ಸಂಶೋಧನಾ ಹಡಗು. ಯುದ್ಧ ಇದ್ದಾಗ ಕೊಲಂಬೊವನ್ನು ಬಗ್ಗಿಸಲು ದಿಲ್ಲಿಗೆ ಒಂದು ಹಿಡಿ ಇತ್ತು. ಅದು ಮುಗಿದ ಮೇಲೆ ಉಳಿದದ್ದು ಹಣ. 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ಭಾರತ ಕೊಟ್ಟ ನೆರವು ಸುಮಾರು 400 ಕೋಟಿ ಡಾಲರ್. ತ್ರಿಂಕೋಮಲಿಯ 99 ಟ್ಯಾಂಕುಗಳ ಕರಾರು ಇತ್ಯರ್ಥವಾದದ್ದು ಅದೇ ವರ್ಷದ ಜನವರಿಯಲ್ಲಿ: 61 ಜಂಟಿ ಕಂಪನಿಗೆ, 14 ಇಂಡಿಯನ್ ಆಯಿಲ್‌ನ ಅಲ್ಲಿನ ಅಂಗಸಂಸ್ಥೆಗೆ, 24 ಸಿಲೋನ್ ಪೆಟ್ರೋಲಿಯಂಗೆ. ಪತ್ರ ಬರೆದು 34 ವರ್ಷಗಳ ಮೇಲೆ.

1987ರಲ್ಲಿ ಆ ಒಪ್ಪಂದದ ವಿರುದ್ಧ ಬಂಡೆದ್ದ ಜೆವಿಪಿಯ ನಾಯಕ ಅನುರ ಕುಮಾರ ದಿಸ್ಸಾನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದರು. 2025ರ ಏಪ್ರಿಲ್ 5ರಂದು ಕೊಲಂಬೊದಲ್ಲಿ ಭಾರತದ ಜೊತೆ ರಕ್ಷಣಾ ಸಹಕಾರದ ಒಡಂಬಡಿಕೆಯಾದದ್ದು ಅವರ ಸರ್ಕಾರದ ಕಾಲದಲ್ಲೇ. ಅದೇ ದಿನದ ಇನ್ನೊಂದು ಕಾಗದ ತ್ರಿಂಕೋಮಲಿಯನ್ನು ಇಂಧನ ಕೇಂದ್ರ ಮಾಡುವುದಕ್ಕೆ.