ಕಾರ್ನ್ ಸ್ನೇಕ್ ಬಣ್ಣಗಳು: ಹೊಸದಾಗಿ ಸಾಕುವವರಿಗೆ

ಕಾರ್ನ್ ಸ್ನೇಕ್ ಸಾಕಲು ಹೊರಟವರು ಮಾರಾಟದ ಪಟ್ಟಿಯಲ್ಲಿರುವ ನೂರಾರು ಹೆಸರುಗಳನ್ನು ಬಾಯಿಪಾಠ ಮಾಡುವ ಬದಲು, ಹಾವಿನ ಮೈಯಲ್ಲಿ ಯಾವ ವರ್ಣದ್ರವ್ಯ ಇದೆ, ಯಾವುದು ಇಲ್ಲ ಎಂದು ಗುರುತಿಸಲು ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ಆಗ್ನೇಯ ಭಾಗದಲ್ಲಿ ಸಹಜವಾಗಿ ಬದುಕುವ ಈ ಹಾವಿನ ಮೈ ಸಾಮಾನ್ಯವಾಗಿ ಕಿತ್ತಳೆ ಅಥವಾ ಕಂದು ಬಣ್ಣದ್ದು. ಬೆನ್ನಿನುದ್ದಕ್ಕೂ ಕಪ್ಪು ಅಂಚಿನ ಕೆಂಪು ಮಚ್ಚೆಗಳಿರುತ್ತವೆ.

ಕಪ್ಪು ಬಣ್ಣಕ್ಕೆ ಕಾರಣವಾದ ಮೆಲನಿನ್ ಇಲ್ಲದಿದ್ದರೆ ಕೆಂಪು, ಕಿತ್ತಳೆ ಮತ್ತು ಬಿಳಿ ಮಾತ್ರ ಉಳಿದು, ಕಣ್ಣೂ ಕೆಂಪಾಗಿ ಕಾಣುತ್ತದೆ. ಇದೇ ಅಮೆಲ್. ಕೆಂಪು ಇಲ್ಲದೆ ಬೂದು, ಕಪ್ಪು ಛಾಯೆಗಳಷ್ಟೇ ಉಳಿದದ್ದು ಅನೆರಿ. ಬೆಳೆದಂತೆ ಇದರ ಗಂಟಲ ಬಳಿ ಹಳದಿ ಮೂಡುವುದುಂಟು.

ಇವೆರಡೂ ದುರ್ಬಲ ಗುಣಗಳು. ತಂದೆ ಮತ್ತು ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬಂದಾಗ ಮಾತ್ರ ಅವು ಹೊರಗೆ ಕಾಣುತ್ತವೆ. ಒಬ್ಬರಿಂದ ಮಾತ್ರ ಬಂದಿದ್ದರೆ ಹಾವು ನೋಡಲು ಸಾಮಾನ್ಯವಾಗಿದ್ದು ಒಳಗೆ ಆ ಜೀನನ್ನು ಹೊತ್ತಿರುತ್ತದೆ. ಸಾಕುವವರು ಇದನ್ನು ಹೆಟ್ ಎನ್ನುತ್ತಾರೆ. ಅಮೆಲ್‌ಗೆ ಹೆಟ್ ಆಗಿರುವ ಎರಡು ಹಾವುಗಳನ್ನು ಕೂಡಿಸಿದರೆ ಪ್ರತಿ ಮೊಟ್ಟೆಯಲ್ಲೂ ಅಮೆಲ್ ಮರಿಯ ಸಾಧ್ಯತೆ 25%, ಹೆಟ್ ಮರಿಯದು 50%, ಜೀನೇ ಇಲ್ಲದ ಮರಿಯದು 25%. ಅಮೆಲ್ ಮರಿಗಳನ್ನು ಬದಿಗಿಟ್ಟರೆ, ಸಾಮಾನ್ಯವಾಗಿ ಕಾಣುವ ಮರಿಗಳಲ್ಲಿ ಹೆಟ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಮಾರಾಟದ ಪಟ್ಟಿಯಲ್ಲಿ ಕಾಣುವ 66% ಹೆಟ್ ಎಂಬುದು ಇದೇ ಲೆಕ್ಕ. ಮರಿಯಲ್ಲಿ ಆ ಗುಣ 66 ಪಾಲು ಇದೆ ಎಂದು ಅದರ ಅರ್ಥವಲ್ಲ. ಜೀನ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಮತ್ತು ಎಷ್ಟೇ ಹೊತ್ತು ಮೈಬಣ್ಣವನ್ನು ಪರೀಕ್ಷಿಸಿದರೂ ಅದು ತಿಳಿಯದು. ಹಾಗೆಯೇ, ಈ ಸಾಧ್ಯತೆ ಪ್ರತಿ ಮೊಟ್ಟೆಗೂ ಪ್ರತ್ಯೇಕವಾದ್ದರಿಂದ ಹನ್ನೆರಡು ಮೊಟ್ಟೆಗಳಲ್ಲಿ ಮೂರು ಅಮೆಲ್ ಬಂದೇ ಬರುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಅಮೆಲ್ ಮತ್ತು ಅನೆರಿ ಎರಡೂ ಒಂದೇ ಹಾವಿನಲ್ಲಿ ಕಾಣಿಸಿಕೊಂಡರೆ ನಸುಗುಲಾಬಿ ಬೆರೆತ ಬಿಳಿಯ ಸ್ನೋ. ಎರಡಕ್ಕೂ ಹೆಟ್ ಆಗಿರುವ ಜೋಡಿಯಿಂದ ಅದು ಹುಟ್ಟುವ ಸಾಧ್ಯತೆ 16ರಲ್ಲಿ ಒಂದು.

ನೋಟಕ್ಕೆ ಹತ್ತಿರವಾದ ಬಣ್ಣಗಳೆಲ್ಲ ಒಂದೇ ಜೀನಿನವಲ್ಲ ಎಂಬುದನ್ನು ಹೊಸಬರು ವಿಶೇಷವಾಗಿ ಗಮನಿಸಬೇಕು. ಚಾರ್ಕೋಲ್ ಕೂಡ ಅನೆರಿಯಂತೆ ಕೆಂಪಿಲ್ಲದ ಹಾವು. ಆದರೆ ಅದರ ಜೀನ್ ಬೇರೆಯಾದ್ದರಿಂದ, ಮತ್ತೊಂದರ ಜೀನ್ ಹೊರದ ಅನೆರಿ ಮತ್ತು ಚಾರ್ಕೋಲ್ ಹಾವುಗಳನ್ನು ಕೂಡಿಸಿದರೆ ಕೆಂಪಿರುವ ಸಾಮಾನ್ಯ ಬಣ್ಣದ ಮರಿಗಳೇ ಹುಟ್ಟುತ್ತವೆ, ಪ್ರತಿಯೊಂದೂ ಎರಡಕ್ಕೂ ಹೆಟ್ ಆಗಿ. ಇದಕ್ಕೆ ವ್ಯತಿರಿಕ್ತವಾಗಿ ಅಲ್ಟ್ರಾ ಎಂಬುದು ಅಮೆಲ್ ಇರುವ ಜೀನಿನದೇ ಮತ್ತೊಂದು ರೂಪ. ಎರಡೂ ಒಂದೊಂದು ಪ್ರತಿಯಾಗಿ ಸೇರಿದಾಗ ನಡುವಣ ಛಾಯೆಯ ಅಲ್ಟ್ರಾಮೆಲ್ ಸಿಗುತ್ತದೆ. ಒಕೀಟೀ ಎಂಬ ಬಗೆಯ ಕಾರ್ನ್ ಸ್ನೇಕ್‌ಗಳ ಮಚ್ಚೆಗಳ ದಪ್ಪ ಕಪ್ಪು ಅಂಚಾದರೋ ಯಾವುದೇ ಒಂದು ಜೀನಿನಿಂದ ಬಂದದ್ದಲ್ಲ. ತಲೆಮಾರುಗಳ ಆಯ್ಕೆಯಿಂದ ಗಟ್ಟಿಗೊಂಡದ್ದು. ಅದಕ್ಕೆ ಮೇಲಿನ ಯಾವ ಶೇಕಡಾವಾರು ಲೆಕ್ಕವೂ ಹೊಂದುವುದಿಲ್ಲ.