ಅಕ್ರಿಲಿಕ್ ಗುರುತ್ವ ಮಸೂರ: ಉಂಗುರ ಕೇಳಿದರೆ ಆರು ಮಣಿ ಕೊಟ್ಟ ಚಕ್

ಭಾರೀ ರಾಶಿಯ ಗುರುತ್ವ ಪಕ್ಕದಲ್ಲಿ ಹಾಯುವ ಬೆಳಕನ್ನು ಬಾಗಿಸುತ್ತದೆ; ಮೂಲ, ರಾಶಿ, ನೋಡುವ ಕಣ್ಣು ಒಂದೇ ಸಾಲಿಗೆ ಬಂದರೆ ಮೂಲ ಉಂಗುರವಾಗಿ ಕಾಣುತ್ತದೆ. ಇದೇ ಗುರುತ್ವ ಮಸೂರ. ಅದೇ ಬಾಗನ್ನು ಲೇಥಿನಲ್ಲಿ ಕಡಿದ ಅಕ್ರಿಲಿಕ್ ತಟ್ಟೆಯಿಂದ ತರುವ ಯತ್ನವಿದು. ಉಂಗುರ ಕೊನೆಗೂ ಕೂಡಿತು. 0.3 ಮಿ.ಮೀ. ಸೂಜಿರಂಧ್ರದ ಹಿಂದೆ ಎಲ್‌ಇಡಿ, ಅಲ್ಲಿಂದ 1 ಮೀಟರಿಗೆ ಮಸೂರ, ಮಸೂರದಿಂದ 1 ಮೀಟರಿಗೆ ಕ್ಯಾಮೆರಾ. ಎಲ್ಲೂ ಕಡಿಯದ ಬಳೆ. ಹಿಂದಿನ ತಟ್ಟೆಗಳಲ್ಲಿ ಇದೇ ಜಾಗದಲ್ಲಿ ಆರು ಮಣಿ ಕೂತಿದ್ದವು. ಈ ಕಂತು ಬಹುಪಾಲು ಆ ಮಣಿಗಳ ಪಂಚಾಯ್ತಿ.

ವಿನ್ಯಾಸ ಚುಟುಕಾಗಿ. ಬಿಂದುವಿನಂಥ ರಾಶಿಯ ಪಕ್ಕ ಹಾಯುವ ಬೆಳಕು ಬಾಗುವ ಕೋನ ದೂರಕ್ಕೆ ವಿಲೋಮ. ಅಕ್ರಿಲಿಕ್ಕಿನ ವಕ್ರೀಭವನಾಂಕ 1.49, ಆದ್ದರಿಂದ ಸಣ್ಣ ಇಳಿಜಾರಿನಲ್ಲಿ ಬೆಳಕು ಇಳಿಜಾರಿನ 0.49 ಪಾಲು ಬಾಗುತ್ತದೆ. ಇಲ್ಲಿ ಹಿಡಿದದ್ದು: ಇಳಿಜಾರು ಎಂದರೆ 2.04ನ್ನು ನಡುವಿನಿಂದ ಇರುವ ಮಿ.ಮೀ. ದೂರದಿಂದ ಭಾಗಿಸಿದ್ದು. ಎತ್ತರ ಲಾಗರಿದಮ್ ಆಗುತ್ತದೆ. 50 ಮಿ.ಮೀ. ಅಂಚಿನಿಂದ 3 ಮಿ.ಮೀ.ವರೆಗೆ ಏರಿಕೆ 5.74 ಮಿ.ಮೀ., 12 ಮಿ.ಮೀ. ಶೀಟು ಧಾರಾಳ. ಆ 3 ಮಿ.ಮೀ. ಒಳಗಿನ ನಡುಭಾಗವನ್ನು ಚಪ್ಪಟೆ ಕಡಿದು ಕಪ್ಪು ಬಳಿಯುವುದು. ಮೇಲಿನ ದೂರಗಳಿಗೆ ಉಂಗುರದ ತ್ರಿಜ್ಯ 22.4 ಮಿ.ಮೀ. ಹೆಚ್ಚೂಕಡಿಮೆ ಇಡೀ ಬುಧಗ್ರಹವನ್ನು ಒಂದು ಬಿಂದುವಿಗೆ ಹಿಂಡಿದರೆ ಬೆಳಕು ಬಾಗುವುದು ಇಷ್ಟೇ. ತಟ್ಟೆಯ ತೂಕ 70 ಗ್ರಾಂ ಒಳಗೆ, ಸಾಗಣೆ ಸಲೀಸು.

ಶೀಟಿನ ವಿಷಯದಲ್ಲಿ ನಾಮಫಲಕ ಮಾಡುವ ಬೋರ್ಡ್ ಅಂಗಡಿಗಳನ್ನು ನಂಬಬೇಡಿ. ಕ್ಯಾಸ್ಟ್ (ಅಚ್ಚಿಗೆ ಹೊಯ್ದದ್ದು) ಕೇಳಿದರೆ ಎಕ್ಸ್‌ಟ್ರೂಡೆಡ್ (ಕರಗಿಸಿ ಸಂದಿಯಿಂದ ಒತ್ತಿ ತೆಗೆದದ್ದು) ಕಟ್ಟಿ ಕೊಡುತ್ತಾರೆ. ಮರಳಿ ಒಯ್ದರೆ "ಎಲ್ಲಾ ಒಂದ ಅದ ರೀ" ಎಂಬ ವೇದಾಂತ. ಒಂದಲ್ಲ. ಎಕ್ಸ್‌ಟ್ರೂಡೆಡ್ ಶೀಟು ಟೂಲ್ ಮುಂದೆ ಕರಗಿ ದಾರದಂತೆ ಸುತ್ತಿಕೊಳ್ಳುತ್ತದೆ, ಕ್ಯಾಸ್ಟ್ ಪುಡಿಯಾಗಿ ಉದುರುತ್ತದೆ. ಕೊಳ್ಳುವ ಮೊದಲೇ ತಿಳಿಯಬೇಕಾದರೆ ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ತುಂಡು ಹಿಡಿದು ಪೋಲರಾಯ್ಡ್ ಕನ್ನಡಕದಲ್ಲಿ ನೋಡಿ. ಕನ್ನಡಕ ತಿರುಗಿಸಿ ಪರದೆ ಕಪ್ಪಾದಾಗ ಬಣ್ಣದ ಪಟ್ಟೆ ಎದ್ದರೆ ಒಳಗೆ ಬಿಗಿತವಿದೆ, ಬಿಟ್ಟುಬಿಡಿ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇಥಿಗೆ ಬರವಿಲ್ಲ, ಆದರೆ ಹೈಡ್ರಾಲಿಕ್ ಬಿಡಿಭಾಗ ತಿರುವುವ ಕಡೆ ಮಸೂರದ ಗೋಳು ಹೇಳುವುದು ಕಷ್ಟ. 1 ಮಿ.ಮೀ.ಗೆ ಒಂದು ಬಿಂದು ಕೊಟ್ಟು ಜಿ01 (ಟೂಲನ್ನು ನೇರ ಗೆರೆಯಲ್ಲಿ ಸಾಗಿಸುವ ಸಿಎನ್‌ಸಿ ಆಜ್ಞೆ) ಸರಳರೇಖೆಯಲ್ಲಿ ಜೋಡಿಸಿದರೆ ಉಂಗುರದ ಜಾಗದಲ್ಲಿ ಎತ್ತರದ ತಪ್ಪು ಅರ್ಧ ಮೈಕ್ರಾನ್. "ಬರೋಬರಿ ಐತಿ" ಎನ್ನುತ್ತಾರೆ, ಎತ್ತರದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಒಂದು ತುಂಡಿನಿಂದ ಮುಂದಿನದಕ್ಕೆ ಇಳಿಜಾರು ಶೇ. 4.5ರಷ್ಟು ಜಿಗಿಯುತ್ತದೆ. ಬೆಳಕಿಗೆ ಎತ್ತರ ಬೇಡ, ಇಳಿಜಾರು ಬೇಕು. ಬಿಂದುಗಳ ಅಂತರ 0.05 ಮಿ.ಮೀ.ಗೆ ಇಳಿಸಿ, ಟೂಲ್ ಮೂತಿಯ ತ್ರಿಜ್ಯದ ಕಾಂಪೆನ್ಸೇಶನ್ (ಮೂತಿಯ ದುಂಡನ್ನು ಲೆಕ್ಕಕ್ಕೆ ಹಿಡಿಯುವ ತಿದ್ದುಪಡಿ) ಹಾಕಿಸಿ. ನಡುವಿನ ಬಳಿ ಇಳಿಜಾರು 34 ಡಿಗ್ರಿ ಮುಟ್ಟುತ್ತದೆ. ಕಾಂಪೆನ್ಸೇಶನ್ ಇಲ್ಲದೆ ಹೋದರೆ ಅಲ್ಲಿ ಆಕಾರವೇ ಬೇರೆ.

ಈಗ ಮಣಿಗಳು. 5 ಮಿ.ಮೀ. ಎಲ್‌ಇಡಿಯನ್ನು ಹಾಗೇ ಇಟ್ಟು ಮೊಬೈಲಿನಲ್ಲಿ ನೋಡಿದರೆ ಎಂಥ ಕೆಟ್ಟ ತಟ್ಟೆಯೂ ಚೆಂದದ ಉಂಗುರ ತೋರಿಸುತ್ತದೆ. ದೊಡ್ಡ ಮೂಲ, ದೊಡ್ಡ ಅಪರ್ಚರ್ (ಕ್ಯಾಮೆರಾದ ಕಿಂಡಿ) ಎರಡೂ ದೋಷವನ್ನು ತೇಯ್ದು ಮುಚ್ಚಿಬಿಡುತ್ತವೆ. ಹಾಗಾಗಿ ಬೆಳಕಿನ ಮುಂದೊಂದು, ಕ್ಯಾಮೆರಾ ಮುಂದೊಂದು ಸೂಜಿರಂಧ್ರ, ಎಕ್ಸ್‌ಪೋಷರ್ ಸೆಕೆಂಡುಗಟ್ಟಲೆ. ಆಗ ಬಳೆ ಒಡೆದು ಆರು ಮಣಿಯಾಯಿತು. ಸ್ಟ್ಯಾಂಡಿನಲ್ಲಿ ತಟ್ಟೆಯನ್ನು 30 ಡಿಗ್ರಿ ತಿರುಗಿಸಿದರೆ ಮಣಿಗಳೂ 30 ಡಿಗ್ರಿ ತಿರುಗುತ್ತವೆ. ಅಲ್ಲಿಗೆ ಸ್ಟ್ಯಾಂಡು, ಕ್ಯಾಮೆರಾ ನಿರಪರಾಧಿಗಳು. ಲೇಥಿನಲ್ಲಿ ತಟ್ಟೆಯನ್ನು ಹಿಡಿಯುವ ಭಾಗವೇ ಚಕ್; ಅಂಚಿನಲ್ಲಿ ಚಕ್ಕಿನ ಜಾ (ದವಡೆ) ಕಚ್ಚಿದ ಗುರುತಿಗೆ ಮಾರ್ಕರ್ ಹಚ್ಚಿ ನೋಡಿದಾಗ ಕಳ್ಳ ಸಿಕ್ಕ: ಮೂರು ಮಣಿ ಗುರುತುಗಳ ನೇರಕ್ಕೆ, ಮೂರು ಅವುಗಳ ನಟ್ಟನಡುವೆ.

ಮೂರು ಜಾ ಚಕ್ ಬಿಗಿದಾಗ ಅಕ್ರಿಲಿಕ್ ಮೂರು ಕಡೆ ಉಬ್ಬುತ್ತದೆ. ಉಬ್ಬಿದ್ದನ್ನೇ ಗುಂಡಗೆ ಕಡಿಯುತ್ತೇವೆ. ಬಿಟ್ಟಾಗ ಅದು ಹಿಂದಕ್ಕೆ ಸರಿದು ಮೂರು ಏರು, ಮೂರು ತಗ್ಗು ಉಳಿಯುತ್ತವೆ. ಮಧ್ಯದಲ್ಲಿಟ್ಟ ಮೂಲದ ಬೆಳಕು ಪ್ರತಿ ಏರಿಗೊಂದು, ಪ್ರತಿ ತಗ್ಗಿಗೊಂದು ಬಿಂಬವಾಗಿ ಕೂಡುತ್ತದೆ. 5 ಮೈಕ್ರಾನ್ ಸಾಕು, 0.01 ಮಿ.ಮೀ. ಮೈಕ್ರೋಮೀಟರಿಗೆ ಅದು ಕಾಣುವುದೇ ಇಲ್ಲ. ಕ್ಯಾಮೆರಾ ತೆಗೆದು ಆ ಜಾಗದಲ್ಲಿ ಬಿಳಿ ರಟ್ಟು ಇಡಿ: ಸರಿಯಾದ ತಟ್ಟೆ ನಡುವೆ ಒಂದು ಚುಕ್ಕೆ ಕೊಡುತ್ತದೆ, 5 ಮೈಕ್ರಾನ್ ತಪ್ಪಿದ್ದರೆ 1 ಮಿ.ಮೀ. ತೋಳಿನ ಮೂರು ಮೂಲೆಯ ನಕ್ಷತ್ರ. ನಾಲ್ಕು ಮೂಲೆ ಬಂದರೆ ತಟ್ಟೆಯನ್ನು ಬೈಯಬೇಡಿ, ಅದು ಓರೆಯಾಗಿ ನಿಂತಿದೆ. ರಂಧ್ರವಿರುವ ರಟ್ಟಿನ ಮೂಲಕ ಹಿಂಬದಿಯ ಚಪ್ಪಟೆ ಮುಖಕ್ಕೆ ಲೇಸರ್ ಬಿಟ್ಟು, ಪ್ರತಿಫಲನ ಅದೇ ರಂಧ್ರಕ್ಕೆ ಮರಳುವವರೆಗೆ ಸರಿಪಡಿಸಿ.

ಸಾಫ್ಟ್ ಜಾ (ಮೆದು ದವಡೆ) ಹಾಕಿದರೂ ಹಿಂಡುವುದು ಹಿಂಡುವುದೇ. ಪರಿಹಾರ ಅಂಚನ್ನು ಮುಟ್ಟದಿರುವುದು. ಲೇಥಿನೊಂದಿಗೆ ತಿರುಗುವ ಫೇಸ್‌ಪ್ಲೇಟಿಗೆ ಎಂಡಿಎಫ್ (ಒತ್ತಿದ ಮರದ ನಾರಿನ) ಹಲಗೆ ಬಿಗಿದು, ಅಲ್ಲೇ ಮಟ್ಟ ಕಡಿದು, ತೆಳು ಡಬಲ್ ಸೈಡ್ ಟೇಪಿನ ಪಟ್ಟಿಗಳನ್ನು ಸಂದಿಲ್ಲದೆ ಹಾಸಿ ತಟ್ಟೆ ಅಂಟಿಸಬೇಕು. ಫೋಮ್ ಟೇಪ್ ಬೇಡ. ಗುಳ್ಳೆ ಉಳಿದರೆ ಟೂಲ್ ಒತ್ತಿದಾಗ ಅಲ್ಲಿ ತಟ್ಟೆ ತಗ್ಗಿ ಹೊಸ ಉಬ್ಬು ಹುಟ್ಟುತ್ತದೆ, ಅದಕ್ಕೆ ಮಣಿಗಳ ಶಿಸ್ತೂ ಇರದು. ರಫ್ ಕಟ್ ಮುಗಿಯುವವರೆಗೆ ಟೇಲ್‌ಸ್ಟಾಕಿನಿಂದ (ಲೇಥಿನ ಎದುರು ತುದಿಯ ಆಸರೆ) ಮರದ ಗುಂಡಿ ಒತ್ತಿರಲಿ. ಹೇಗೂ ನಡುವಿನ 6 ಮಿ.ಮೀ. ಕಪ್ಪಾಗುವ ಜಾಗ. ಕಡೆಯ ಕಟ್ಟಿಗೆ ಮುಂಚೆ ತಟ್ಟೆ ಬಿಚ್ಚಿ 80 ಡಿಗ್ರಿಯಲ್ಲಿ 4 ಗಂಟೆ ಕಾಯಿಸಿ, ಗಂಟೆಗೆ 15 ಡಿಗ್ರಿ ಮೀರದಂತೆ ಆರಿಸಿ. ಓವನ್ನಿನ ಗುಂಡಿಯ ಮೇಲಿನ ಅಂಕಿ ನಂಬದೆ ಥರ್ಮಾಮೀಟರ್ ಇಡಿ: 100 ದಾಟಿದರೆ ಮೆತ್ತಗಾಗುತ್ತದೆ. ಬಿಚ್ಚಲು ಮೀನಿನ ಗಾಳದ ದಾರ, ಬೆಚ್ಚಗಿನ ಸೋಪಿನ ನೀರು. ಅಂಟು ತೆಗೆಯಲು ಚಿಮಣಿ ಎಣ್ಣೆ. ಥಿನ್ನರ್, ಸ್ಪಿರಿಟ್ ಮುಟ್ಟಿಸಿದರೆ ಬಿಗಿತವಿದ್ದಲ್ಲೆಲ್ಲ ಕೂದಲೆಳೆ ಬಿರುಕು.

ಪಾಲಿಶ್ ಬಗ್ಗೆ ಒಂದೇ ಮಾತು: 800ರಿಂದ 2000ದ ವಾಟರ್ ಪೇಪರ್‌ವರೆಗೆ ಲೇಥ್ ಮೇಲಷ್ಟೇ ಉಜ್ಜಿದರೆ ವೃತ್ತಾಕಾರದ ಗೆರೆ ಉಳಿದು, ಪ್ರತಿ ಬಿಂಬಕ್ಕೂ ನಡುವಿನ ದಿಕ್ಕಿಗೆ ಬಾಲ ಮೂಡುತ್ತದೆ. ಕೊನೆಯ ಎರಡು ಪೇಪರಿನಲ್ಲಿ ಕೈಯಿಂದ ಅಡ್ಡವೂ ಎಳೆಯಿರಿ.

ಮಣಿ ಎಣಿಸಿ ಜಾ ಹಿಡಿದ ಈ ತಂತ್ರವೇ ಖಗೋಳದಲ್ಲಿ ದೊಡ್ಡ ಕಸುಬು. 1985ರಲ್ಲಿ ಸಿಕ್ಕ ಐನ್‌ಸ್ಟೈನ್ ಶಿಲುಬೆಯಲ್ಲಿ ಒಂದೇ ಕ್ವೇಸಾರ್ (ದೂರದ ಗ್ಯಾಲಕ್ಸಿಯ ಹೊಳೆಯುವ ನಡುಭಾಗ) ನಾಲ್ಕಾಗಿ ಕಾಣುತ್ತದೆ, ನಡುವಿನ ಗ್ಯಾಲಕ್ಸಿ ಪೂರ್ತಿ ಗುಂಡಗಿಲ್ಲ. ಬಿಂಬಗಳ ಜಾಗದಿಂದ ಅದರ ರಾಶಿ ಹೇಗೆ ಹರಡಿದೆ ಎಂಬುದನ್ನು ಲೆಕ್ಕ ಹಾಕುತ್ತಾರೆ. 2012ರಲ್ಲಿ ಬಿ1938+666 ಎಂಬ ಗುರುತ್ವ ಮಸೂರದ ಉಂಗುರದ ಸಣ್ಣ ಕೊಂಕಿನಿಂದಲೇ, ಬೆಳಕೇ ಕಾಣದ ಉಪಗ್ಯಾಲಕ್ಸಿಯೊಂದನ್ನು ಹಿಡಿದರು. ರಾಶಿ ಸುಮಾರು 19 ಕೋಟಿ ಸೂರ್ಯರದು. ಅವರಿಗೆ ಚಕ್ ಬಿಚ್ಚಿ ನೋಡುವ ಸೌಲಭ್ಯವಿಲ್ಲ.

ಬೆಳಗಾವಿಯ ಮಳೆ ಬಿಟ್ಟ ಮೇಲೆ ನಿಜವಾದ ಮಸೂರಕ್ಕೂ ಕೈ ಹಾಕುವ ಯೋಜನೆಯಿದೆ: ಸಪ್ತರ್ಷಿ ಮಂಡಲದಲ್ಲಿ ಒಂದೇ ಕ್ವೇಸಾರ್ ಎರಡಾಗಿ ಕಾಣುವ ಕ್ಯೂ0957+561, 1979ರಲ್ಲಿ ಗುರುತಿಸಿದ ಮೊದಲ ಗುರುತ್ವ ಮಸೂರ. ಎರಡು ಬಿಂಬಗಳ ಅಂತರ 6 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), ಪ್ರಭೆ ಸುಮಾರು 17 (ಅಂಕಿ ದೊಡ್ಡದಾದಷ್ಟೂ ಮಂಕು). ಒಂದರ ಏರಿಳಿತ ಇನ್ನೊಂದರಲ್ಲಿ ಕಾಣಲು 417 ದಿನ ಬೇಕು. ಈ ಅಕ್ಷಾಂಶದಲ್ಲಿ ಅದು ಏರುವುದು ಸುಮಾರು 50 ಡಿಗ್ರಿಗೆ, ಆದ್ದರಿಂದ ಮಾರ್ಚ್ ಆಸುಪಾಸು, ವಿಜಯಪುರದ ಕಡೆಯ ಬಯಲು, 8 ಇಂಚಿನ ಕನ್ನಡಿಯ ದೂರದರ್ಶಕ, ಸ್ಟ್ಯಾಕಿಂಗ್ (ಹಲವು ಚಿತ್ರ ಒಂದರ ಮೇಲೊಂದು ಕೂಡಿಸುವುದು). ಪಕ್ಕದ ಗ್ಯಾಲಕ್ಸಿ ಎನ್‌ಜಿಸಿ 3079 ದಾರಿ ತೋರಿಸುತ್ತದೆ.

ಅದಕ್ಕೆ ಮೊದಲು, ಬಿಂದುವಿನ ಬದಲು ಹರಡಿದ ರಾಶಿಯ, ಅಂದರೆ ಗ್ಯಾಲಕ್ಸಿಯ ಮಾದರಿ. ಬಾಗುವ ಕೋನ ಎಲ್ಲೆಡೆ ಒಂದೇ ಇರುವ ಮಾದರಿಗೆ ಬೇಕಾದದ್ದು ಬರೀ ಶಂಕು: ಇದೇ ಉಂಗುರಕ್ಕೆ 5.2 ಡಿಗ್ರಿ, 50 ಮಿ.ಮೀ.ಗೆ 4.6 ಮಿ.ಮೀ. ಏರಿಕೆ. ಲಾಗರಿದಮ್ ಪಟ್ಟಿ ಬೇಡ, ಜಿ01 ಒಂದೇ ಸಾಲು. ಅದನ್ನು ಬೇಕೆಂದೇ 15 ಡಿಗ್ರಿ ಓರೆ ನಿಲ್ಲಿಸಿ ನಾಲ್ಕು ಮಣಿ ಎಬ್ಬಿಸಬೇಕು.