ಬೀಜ ಕೊಯ್ಯುವುದೋ ಬೇಡವೋ

ಮೇ 19, 2024, ಭಾನುವಾರ

ಜಲಂಧರದಿಂದ ಬಂದ ಬೀಜದ ಆಲೂಗಡ್ಡೆ ನಡುಮನೆ ತುಂಬಾ ಹರಡಿದೆ. ಕುಫ್ರಿ ಜ್ಯೋತಿ ತಳಿ. ಕೋಲ್ಡ್ ಸ್ಟೋರೇಜಿನಿಂದ ಬಂದಾಗ ಮಂಕಾಗಿತ್ತು. ನೆರಳಲ್ಲಿ ಬಿದ್ದುಕೊಂಡು ಈಗ ಕಣ್ಣು ಒಡೆದಿದೆ. ಗಿಡ್ಡಗೆ, ದಪ್ಪಗೆ ಮೊಳಕೆ. ನೋಡಿದರೇ ಖುಷಿ.

ಮೋಡ ನೋಡಿದರೆ ಮಾತ್ರ ಕಸಿವಿಸಿ. ಕೃತ್ತಿಕಾ ಮಳೆ ಬಿಟ್ಟು ಬಿಟ್ಟು ಬರುತ್ತಿದೆ.

ಮಾವ ಬೆಳಗ್ಗೆ ಹೊಲದ ಮಣ್ಣನ್ನು ಹಿಡಿಯಲ್ಲಿ ಉಂಡೆ ಕಟ್ಟಿ, ಕೆಳಗೆ ಬಿಟ್ಟು ನೋಡಿದರಂತೆ. ಪುಡಿಯಾಯಿತಂತೆ. "ಹದ ಬಂದಿದೆ, ಬಿತ್ತೋಕೆ ಬೀಜದ ಗಡ್ಡೆ ಇವತ್ತೇ ಹೋಳು ಕೊಯ್ದುಬಿಡಿ" ಅಂದರು.

ಅತ್ತೆ ಈಳಿಗೆಮಣೆ ಮುಟ್ಟಲಿಲ್ಲ. "ಕೊಯ್ದ ಮೇಲೆ ಮಳೆ ಹಿಡಿದರೆ ನೇಗಿಲು ಇಳಿಸೋಕೆ ಆಗ್ತದಾ? ಹೋಳು ಮನೇಲೇ ಕೊಳೀತದೆ."

"ಸುಮ್ನೆ ಕಾದರೆ ರೋಹಿಣಿ ಬರ್ತದೆ. ತಡವಾದಷ್ಟೂ ಅಂಗಮಾರಿ ರೋಗ ಜಾಸ್ತಿ" ಅಂದರು ಮಾವ.

ಇಬ್ಬರದೂ ನಿಜ, ಅದೇ ಕಷ್ಟ. ಜುಲೈನ ಜಿಟಿಜಿಟಿ ಮಳೆ, ತಂಪು, ಮೋಡ ಒಟ್ಟಿಗೆ ಸೇರಿದರೆ ಅಂಗಮಾರಿ ಬಂದು ಹಸಿರು ಹೊಲ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ಆ ಕೊಳೆತ ವಾಸನೆ ಹಾಸನದ ಕಡೆಯವರಿಗೆ ಯಾರೂ ಹೇಳಬೇಕಿಲ್ಲ.

ಕೊನೆಗೆ ಅರ್ಧ ಕೊಯ್ಯೋಣ ಅಂತಾಯಿತು. ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. "ಉದ್ದಕ್ಕೆ ಕೊಯ್ಯಿ ಕಣವ್ವ. ತುದೀಲೇ ಕಣ್ಣು ಜಾಸ್ತಿ, ಅಡ್ಡ ಕೊಯ್ದರೆ ಬುಡದ ಹೋಳಿಗೆ ಏನು ಉಳೀತದೆ?" ಒಂದೊಂದು ಹೋಳಿಗೂ ಎರಡು ಮೂರು ಕಣ್ಣು ಇರಬೇಕು. ಒಳಗೆ ಕಂದು ಬಣ್ಣದ ಉಂಗುರ ಕಂಡ ಗಡ್ಡೆಯನ್ನು ದೂರ ಎಸೆದು, ಈಳಿಗೆ ತೊಳೆದು, ಒರೆಸಿ, ಆಮೇಲೆ ಮುಂದಿನದು. ಆ ರೋಗ ಅಲಗಿನಲ್ಲೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಕೊಯ್ದ ಮೈಗೆ ಒಲೆಯ ಬೂದಿ ಸವರಿ ಗೋಣಿಯ ಮೇಲೆ ಹರಡಿದೆವು. ಗಾಯ ಒಣಗಿ ಸಿಪ್ಪೆಗಟ್ಟಬೇಕು.

ಅತ್ತೆಯ ಕೈ ನೋಡುತ್ತಾ ಕೂತಿದ್ದರೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಗಡ್ಡೆಯನ್ನು ಒಂದು ಸಲ ತಿರುಗಿಸುತ್ತಾರೆ, ಅಷ್ಟೇ. ಎಲ್ಲಿ ಕೊಯ್ಯಬೇಕು ಅಂತ ಬೆರಳಿಗೇ ಗೊತ್ತು. ಇದನ್ನು ನಾನು ಕಲಿಯಲೇಬೇಕು. ಮಗಳಿಗೂ ಕಲಿಸಬೇಕು.

ಅವರ ಕಾಲದಲ್ಲಿ ಎತ್ತಿನ ನೇಗಿಲ ಹಿಂದೆ ಹೆಂಗಸರು ಮಡಿಲಲ್ಲಿ ಬೀಜ ತುಂಬಿಕೊಂಡು ನಡೆಯುತ್ತಿದ್ದರಂತೆ. ಸಾಲಲ್ಲಿ ಕೊಟ್ಟಿಗೆ ಗೊಬ್ಬರ, ಅಡಿಗೊಂದು ಹೋಳು, ಕಣ್ಣು ಮೇಲಕ್ಕೆ. ಪಕ್ಕದ ಸಾಲು ಹೊಡೆದಾಗ ಅದೇ ಮಣ್ಣು ಮುಚ್ಚುತ್ತಿತ್ತು. ಗಿಡ ಬಂದ ಮೇಲೆ ಬುಡಕ್ಕೆ ಮಣ್ಣು ಏರಿಸಲೇಬೇಕು, ಇಲ್ಲದಿದ್ದರೆ ಬಿಸಿಲು ತಾಗಿ ಗಡ್ಡೆ ಹಸಿರಾಗುತ್ತದೆ, ತಿನ್ನುವ ಹಾಗಿಲ್ಲ.

ರಾತ್ರಿ ಮತ್ತೆ ಹನಿ ಶುರುವಾಗಿದೆ. ಮಾವ ಎದ್ದು ಎದ್ದು ಹೊರಗೆ ನೋಡುತ್ತಿದ್ದಾರೆ. ಉಳಿದದ್ದರಲ್ಲಿ ಸಣ್ಣ ಗಡ್ಡೆಗಳನ್ನು ಕೊಯ್ಯದೆ ಇಡಿಯಾಗಿ ಹಾಕಿದರೆ ಕೊಳೆಯುವ ಭಯ ಕಡಿಮೆ ಅಂತಾರೆ ಅತ್ತೆ. ಆದರೆ ಅಷ್ಟು ಸಣ್ಣವು ನಮ್ಮ ಚೀಲಗಳಲ್ಲಿ ಎಷ್ಟಿರಬಹುದು, ನಾಳೆ ಬೆಳಗ್ಗೆ ಆರಿಸಿ ನೋಡಿದರೆ...